ಬಚ್ಚಲುಮನೆಯ ಗುಟ್ಟು



ನಮ್ಮ ಕಡೆಯ ಹಳ್ಳಿಮನೆಗಳಲ್ಲಿ ಬೆಳಗಿನ ಜಾವ ಮೊದಲು ಹೊಗೆಯೇಳುತ್ತಿದ್ದುದು ಅಡುಗೆಮನೆಯಿಂದಲ್ಲ, ಬಚ್ಚಲುಮನೆಯಿಂದ. ಸ್ನಾನವಾಗದೆ ಲಿಂಗಪೂಜೆಯಿಲ್ಲ, ಪೂಜೆಯಾಗದೆ ಪ್ರಸಾದವಿಲ್ಲ ಎಂಬ ಕಟ್ಟುನಿಟ್ಟಿನಲ್ಲಿ ಬೆಳೆದ ನಮಗೆ ಬಚ್ಚಲಿನ ತಾಮ್ರದ ಹಂಡೆಯು ಮನೆಯ ಹಿರಿಯರೊಬ್ಬರಿದ್ದಂತೆ. ಶಿಡ್ಲಘಟ್ಟ ತಾಲ್ಲೂಕಿನ ನಮ್ಮೂರಿನಲ್ಲಿ ರೇಷ್ಮೆಹುಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಗಳೇ ಆ ಹಂಡೆಯ ಒಲೆಗೆ ಸೌದೆ. ವಾರಕ್ಕೊಮ್ಮೆ ಮತ್ತು ಹಬ್ಬಹರಿದಿನಗಳಂದು ಮಕ್ಕಳಿಗೆ ಹರಳೆಣ್ಣೆ ತಿಕ್ಕಿ, ಸೀಗೆಕಾಯಿ ಹಚ್ಚಿ, ಹಬೆಯಾಡುವ ನೀರನ್ನು ಚೊಂಬಿನ ಮೇಲೆ ಚೊಂಬು ನೆತ್ತಿಗೆ ಹೊಯ್ಯುವುದು ತಾಯಂದಿರ ವಾತ್ಸಲ್ಯದ ಗುರುತಾಗಿತ್ತು. ನೀರು ಬಿಸಿಯಾದಷ್ಟೂ ಪ್ರೀತಿ ಹೆಚ್ಚೆಂದೇ ಎಲ್ಲರ ಎಣಿಕೆ. ಆ ಬಿಸಿನೀರಿನಲ್ಲಿಯೇ ನಮ್ಮ ಮನೆತನದ ದುಃಖವೊಂದು ಅಡಗಿತ್ತೆಂಬುದನ್ನು ತಿಳಿಯಲು ನಮಗೆ ಬಹಳ ವರ್ಷಗಳು ಬೇಕಾದವು. ಅದನ್ನು ತಿಳಿಸಿಕೊಟ್ಟವರು ಬೆಂಗಳೂರಿನ ನಿಮ್ಹಾನ್ಸಿನ ವೈದ್ಯರು. ಮನೆಯ ಮಾತನ್ನು ನಾಲ್ಕು ಜನರ ಮುಂದಿಡಲು ಇಂದಿಗೂ ಸ್ವಲ್ಪ ಸಂಕೋಚವಾಗುತ್ತದೆ. ಆದರೆ ಆ ಸಂಕೋಚವೇ ನಮ್ಮ ಮನೆಗೆ ಕೇಡು ತಂದುದರಿಂದ ಇದನ್ನು ಬರೆಯುತ್ತಿದ್ದೇವೆ.

ಅದು ೧೯೯೧ರ ಯುಗಾದಿ. ನಾವಾಗ ಚಿಕ್ಕಬಳ್ಳಾಪುರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಉಪಾಧ್ಯಾಯರಾಗಿದ್ದೆವು. ಈ ಸೀಮೆಯೆಲ್ಲ ಆಗ ಕೋಲಾರ ಜಿಲ್ಲೆಗೆ ಸೇರಿದ್ದು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು ೨೦೦೭ರಲ್ಲಿ. ಹಬ್ಬಕ್ಕೆಂದು ಊರಿಗೆ ಹೋಗಿದ್ದೆವು. ತಮ್ಮನ ಮಗನಿಗೆ ಎಂಟು ವರ್ಷ. ಅವನಿಗೆ ನಮ್ಮ ತಾಯಿ ಎಣ್ಣೆನೀರು ಹಾಕುತ್ತಿದ್ದರು. ಐದಾರು ಚೊಂಬು ನೀರು ಬೀಳುವವರೆಗೂ ಹರಟುತ್ತಿದ್ದ ಹುಡುಗ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿ ಗೋಡೆಯತ್ತ ದೃಷ್ಟಿ ನೆಟ್ಟ. "ಇನ್ನೂ ಹುಯ್ಯಿ, ಇನ್ನೂ ಹುಯ್ಯಿ" ಎಂದು ಎರಡು ಸಲ ಅಂದ. ಆಮೇಲೆ ಅರ್ಥವಿಲ್ಲದ ಏನನ್ನೋ ಗೊಣಗಿದ. ಕೈಕಾಲು ಸೆಟೆದು ಬಚ್ಚಲುಕಲ್ಲಿನ ಮೇಲೆ ಬಿದ್ದುಬಿಟ್ಟ. ಎರಡು ಮೂರು ನಿಮಿಷಗಳ ತರುವಾಯ ಎಚ್ಚರವಾಯಿತು. ನಡೆದುದರ ನೆನಪು ಅವನಿಗಿರಲಿಲ್ಲ. ಬೇವುಬೆಲ್ಲ ತಿನ್ನಬೇಕಾದ ಹೊತ್ತಿನಲ್ಲಿ ಮನೆಯೆಲ್ಲ ಅಳುವಿನಿಂದ ತುಂಬಿಹೋಯಿತು.

ಮುಂದಿನ ಎಣ್ಣೆಸ್ನಾನದ ದಿನವೂ ಹಾಗೆಯೇ ಆಯಿತು. ಅದರ ಮುಂದಿನ ಸಲವೂ ಆಯಿತು. ಶಾಲೆಯಲ್ಲಿ, ಹೊಲದಲ್ಲಿ, ಆಟದಲ್ಲಿ ಎಂದೂ ಆಗದಿದ್ದುದು ಬಚ್ಚಲಿನಲ್ಲಿ ಮಾತ್ರ ಆಗುತ್ತಿದ್ದುದರಿಂದ ಊರವರೆಲ್ಲ ಒಂದೇ ತೀರ್ಮಾನಕ್ಕೆ ಬಂದರು: ಬಚ್ಚಲುಮನೆಯಲ್ಲಿ ಏನೋ ಇದೆ, ಹುಡುಗನಿಗೆ ಗಾಳಿ ಸೋಕಿದೆ. ಕೈಗೆ ಕಬ್ಬಿಣದ ಬೀಗದಕೈ ಕೊಟ್ಟದ್ದಾಯಿತು, ಮೂಗಿಗೆ ಈರುಳ್ಳಿ ಹಿಡಿದದ್ದಾಯಿತು, ತಾಯಿತ ಕಟ್ಟಿಸಿದ್ದಾಯಿತು. ಶಾಲೆಯಲ್ಲಿ ಮಕ್ಕಳಿಗೆ ಶರೀರಶಾಸ್ತ್ರ ಪಾಠ ಹೇಳುತ್ತಿದ್ದ ನಾವು ಏನು ಮಾಡಿದೆವು ಗೊತ್ತೇ? ಆ ವರ್ಷ ರೇಷ್ಮೆಗೂಡು ಮಾರಿ ಬಂದ ಹಣದಲ್ಲಿ ಹಳೆಯ ಬಚ್ಚಲನ್ನು ಕೆಡವಿಸಿ, ಮನೆಯ ಇನ್ನೊಂದು ದಿಕ್ಕಿಗೆ ಹೊಸದನ್ನು ಕಟ್ಟಿಸಲು ತಮ್ಮನಿಗೆ ಸಲಹೆ ಕೊಟ್ಟೆವು. "ಹೊರಗೆ ಯಾರಿಗೂ ತಿಳಿಯುವುದು ಬೇಡ, ನಾಳೆ ಮನೆಯ ಹೆಣ್ಣುಮಕ್ಕಳ ಮದುವೆಗೆ ತೊಂದರೆ" ಎಂದೂ ಹೇಳಿದೆವು. ಹೊಸ ಬಚ್ಚಲಿನ ಮೊದಲ ಎಣ್ಣೆಸ್ನಾನದಲ್ಲಿಯೇ ಹುಡುಗ ಮತ್ತೆ ಬಿದ್ದ. ಈ ಬಾರಿ ಒಲೆಯ ಬಾಯಿಗೆ ಗೇಣುದೂರದಲ್ಲಿ ಬಿದ್ದಿದ್ದ. ನಮ್ಮ ಜಾಣತನ ಅಲ್ಲಿಗೆ ಮುಗಿಯಿತು.

ಆಗ ನಮ್ಮ ಸಹೋದ್ಯೋಗಿಯೊಬ್ಬರು ದಾರಿ ತೋರಿಸಿದರು. ನಿಮ್ಹಾನ್ಸಿನ ವೈದ್ಯರು ತಿಂಗಳಿಗೊಮ್ಮೆ ಗೌರಿಬಿದನೂರಿಗೇ ಬಂದು ಮೂರ್ಛೆ ಮತ್ತು ಮನೋರೋಗದವರನ್ನು ನೋಡಿ ಔಷಧ ಕೊಡುತ್ತಾರೆ ಎಂದು ತಿಳಿಸಿದರು. ಗೌರಿಬಿದನೂರಿಗೂ ಆ ಸಂಸ್ಥೆಗೂ ಇದ್ದ ನಂಟು ಇಂದುನಿನ್ನೆಯದಲ್ಲ. ೧೯೮೦ರ ದಶಕದಲ್ಲಿ ನರರೋಗತಜ್ಞೆ ಡಾ. ಎಂ. ಗೌರಿದೇವಿ ಮತ್ತು ಅವರ ಸಂಗಡಿಗರು ಆ ಪಟ್ಟಣ ಮತ್ತು ಸುತ್ತಣ ಹಳ್ಳಿಗಳಲ್ಲಿ ಐವತ್ತು ಸಾವಿರಕ್ಕೂ ಮಿಕ್ಕಿದ ಜನರ ನಡುವೆ ನರರೋಗಗಳ ಸಮೀಕ್ಷೆಯನ್ನು ನಡೆಸಿದ್ದರು. ಆಸ್ಪತ್ರೆಗೆ ಬಂದವರನ್ನು ಮಾತ್ರ ಎಣಿಸಿದರೆ ನಾಡಿನ ನಿಜವಾದ ನೋವು ತಿಳಿಯದು. ಆಸ್ಪತ್ರೆಗೆ ಬಾರದೆ ಮನೆಯ ಮೂಲೆಯಲ್ಲಿ ಕುಳಿತವರನ್ನು ಅವರ ಬಾಗಿಲಿಗೇ ಹೋಗಿ ಕೇಳಬೇಕು ಎಂಬುದೇ ಅಂತಹ ಸಮೀಕ್ಷೆಯ ತಿರುಳು. ಮುಂದೆ ೧೯೯೩ರಿಂದ ೧೯೯೫ರವರೆಗೆ ಬೆಂಗಳೂರು ನಗರ ಮತ್ತು ಅದರ ಹಳ್ಳಿಗಳಲ್ಲಿ ಅವರೇ ಒಂದು ಲಕ್ಷಕ್ಕೂ ಹೆಚ್ಚು ಜನರ ಸಮೀಕ್ಷೆ ನಡೆಸಿದಾಗ, ಮೂರ್ಛೆರೋಗವು ನಗರದಲ್ಲಿ ಸಾವಿರಕ್ಕೆ ಸುಮಾರು ೬ ಮಂದಿಗೆ ಇದ್ದರೆ ಹಳ್ಳಿಗಳಲ್ಲಿ ಸುಮಾರು ೧೨ ಮಂದಿಗೆ ಇರುವುದು ಕಂಡುಬಂದಿತು. ಅಂದರೆ ಸಾವಿರ ಜನರಿರುವ ಹಳ್ಳಿಯೊಂದರಲ್ಲಿ ಹನ್ನೆರಡು ಮನೆಗಳಾದರೂ ಈ ಗುಟ್ಟನ್ನು ಸೆರಗಿನಲ್ಲಿ ಕಟ್ಟಿಕೊಂಡಿರಬಹುದು.

೧೯೯೨ರಲ್ಲಿ ಒಂದು ಬೆಳಿಗ್ಗೆ ಹುಡುಗನನ್ನು, ತಮ್ಮನನ್ನು, ನಮ್ಮ ತಾಯಿಯವರನ್ನು ಕರೆದುಕೊಂಡು ಹೊರಟೆವು. ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರಕ್ಕೆ ಒಂದು ಬಸ್ಸು, ಅಲ್ಲಿಂದ ಮಂಚೇನಹಳ್ಳಿಯ ಮೇಲೆ ಗೌರಿಬಿದನೂರಿಗೆ ಇನ್ನೊಂದು. ಅಲ್ಲಿ ನೆರೆದಿದ್ದ ಜನಸ್ತೋಮವನ್ನು ಕಂಡು ನಮಗೆ ಅಚ್ಚರಿಯಾಯಿತು. ನಮ್ಮಂತೆಯೇ ತಲೆತಗ್ಗಿಸಿಕೊಂಡು ಬಂದವರು ಅಷ್ಟು ಮಂದಿ! ಚಿಂತಾಮಣಿಯ ಕಡೆಯ ಒಬ್ಬ ತಾಯಿ ತಮ್ಮ ಬೆಳೆದ ಮಗನ ಕೈ ಹಿಡಿದುಕೊಂಡು ಬೆಳಗಿನಿಂದ ಕುಳಿತಿದ್ದರು.

ವೈದ್ಯರು ಯುವಕರು. ಹುಡುಗನ ಕಥೆಯನ್ನು ತಾಳ್ಮೆಯಿಂದ ಕೇಳಿ ಅವರು ಹಾಕಿದ ಪ್ರಶ್ನೆಗಳು ನಮಗೆ ವಿಚಿತ್ರವಾಗಿ ತೋರಿದವು. "ನೀರು ಎಷ್ಟು ಬಿಸಿ ಇರುತ್ತದೆ? ಮೈಗೆ ಹಾಕಿದಾಗ ಆಗುತ್ತದೆಯೋ, ತಲೆಗೆ ಹೊಯ್ದಾಗ ಮಾತ್ರ ಆಗುತ್ತದೆಯೋ? ಚೊಂಬು ಎಷ್ಟು ದೊಡ್ಡದು? ಒಂದರ ಹಿಂದೆ ಒಂದು ಹೊಯ್ಯುತ್ತೀರೋ, ತಡೆದು ಹೊಯ್ಯುತ್ತೀರೋ?" ನಾವು ಉತ್ತರಿಸಲಾಗದೆ ತಾಯಿಯ ಮುಖ ನೋಡಿದೆವು, ಅವರು ಒಂದೊಂದಕ್ಕೂ ಸರಿಯಾಗಿ ಉತ್ತರಿಸಿದರು. ಕೊನೆಗೆ ವೈದ್ಯರು ನಮ್ಮನ್ನು ಕೇಳಿದರು:

"ಮೇಷ್ಟ್ರೇ, ನಿಮ್ಮ ಮನೆತನದಲ್ಲಿ ಇನ್ನು ಯಾರಿಗಾದರೂ ಹೀಗೆ ಆಗುತ್ತಿತ್ತೇ?"

"ಇಲ್ಲ, ಯಾರಿಗೂ ಇಲ್ಲ" ಎಂದೆವು, ಒಂದು ಕ್ಷಣವೂ ಯೋಚಿಸದೆ.

ನಮ್ಮ ತಾಯಿ ಸೆರಗನ್ನು ಸರಿಮಾಡಿಕೊಂಡರು. "ಯಾಕಪ್ಪ ಸುಳ್ಳು ಹೇಳುತ್ತೀಯೆ? ನಿನ್ನ ಸೋದರತ್ತೆಗೆ ಆಗುತ್ತಿರಲಿಲ್ಲವೇ?" ಎಂದವರು ವೈದ್ಯರ ಕಡೆ ತಿರುಗಿ, "ನಮ್ಮ ನಾದಿನಿಗೂ ಹೀಗೇ ಆಗುತ್ತಿತ್ತು ಸ್ವಾಮಿ. ತಲೆಗೆ ಬಿಸಿನೀರು ಬಿದ್ದರೆ ಆಗುತ್ತಿತ್ತು" ಎಂದರು.

ನಮ್ಮ ಸೋದರತ್ತೆಯ ವಿಷಯವನ್ನು ಇಲ್ಲಿ ಹೇಳಲೇಬೇಕು. ನಾವು ಚಿಕ್ಕವರಿದ್ದಾಗಲೇ ಆಕೆ ಗಂಡನ ಮನೆಯಿಂದ ಹಿಂದಿರುಗಿ ಬಂದಿದ್ದರು. ಮದುವೆಯಾದ ಎರಡನೆಯ ವರ್ಷ, ಅತ್ತೆಯ ಮನೆಯವರು ಹಬ್ಬದ ದಿನ ಎಣ್ಣೆನೀರು ಹಾಕಿದಾಗ ಮೂರ್ಛೆ ಹೋದರಂತೆ. "ರೋಗದ ಹೆಣ್ಣನ್ನು ಮುಚ್ಚಿಟ್ಟು ಕೊಟ್ಟಿರಿ" ಎಂದು ಗಾಡಿಯಲ್ಲಿ ಕೂರಿಸಿ ತಂದು ಬಿಟ್ಟುಹೋದರಂತೆ. ಆಮೇಲೆ ಆಕೆಯ ಬಾಳೆಲ್ಲ ನಮ್ಮ ಮನೆಯ ಹಿತ್ತಲಕೋಣೆಯಲ್ಲಿಯೇ ಕಳೆಯಿತು. ಹುಳುಮನೆಯ ಕೆಲಸದಲ್ಲಿ ಆಕೆಯನ್ನು ಮೀರಿಸುವವರಿರಲಿಲ್ಲ. ಆದರೆ ಮದುವೆ ಮುಂಜಿಗಳಲ್ಲಿ ಮುಂದೆ ಬಂದು ನಿಲ್ಲುವಂತಿರಲಿಲ್ಲ. ಮಕ್ಕಳಾದ ನಮಗೆ "ಗಾಳಿ ಸೋಕಿದವಳು, ಹತ್ತಿರ ಹೋಗಬೇಡಿ" ಎಂದು ಹೇಳಿಕೊಡಲಾಗಿತ್ತು. ಮಾಘಮಾಸದ ಕೊರೆಯುವ ಚಳಿಯಲ್ಲಿಯೂ ಆಕೆ ಬಾವಿಕಟ್ಟೆಯಲ್ಲಿ ತಣ್ಣೀರನ್ನೇ ತಲೆಗೆ ಹೊಯ್ದುಕೊಳ್ಳುತ್ತಿದ್ದರು. ಅದು ಮೈಮೇಲಿರುವ ಗಾಳಿಯ ಚೇಷ್ಟೆಯೆಂದು ಊರವರು ಆಡಿಕೊಳ್ಳುತ್ತಿದ್ದರು. ೧೯೭೮ರಲ್ಲಿ ಆಕೆ ಲಿಂಗೈಕ್ಯರಾದರು.

ವೈದ್ಯರು ಇದನ್ನೆಲ್ಲ ಬರೆದುಕೊಂಡು, ಲೇಖನಿ ಕೆಳಗಿಟ್ಟು ಕೇಳಿದರು: "ತಣ್ಣೀರಿನ ಸ್ನಾನಕ್ಕೆ ತೊಡಗಿದ ಮೇಲೆ ಅವರಿಗೆ ಮತ್ತೆ ಬಂದಿತ್ತೇನಮ್ಮ?"

"ಇಲ್ಲ ಸ್ವಾಮಿ. ಆಮೇಲೆ ನಾನು ಒಂದು ಸಲವೂ ಕಾಣಲಿಲ್ಲ."

"ಹಾಗಾದರೆ ಅವರು ತಮ್ಮ ಕಾಯಿಲೆಯನ್ನು ತಾವೇ ಕಂಡುಹಿಡಿದು, ಔಷಧವನ್ನೂ ತಾವೇ ಮಾಡಿಕೊಂಡಿದ್ದರು" ಎಂದರು ವೈದ್ಯರು.

ಆ ಮಾತು ಕೇಳಿ ನಮ್ಮ ತಾಯಿ ಕಣ್ಣೊರೆಸಿಕೊಂಡರು. ನಾವು ನೆಲ ನೋಡಿದೆವು. ಒಂದೇ ಸೂರಿನಡಿ ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಬಾಳಿದ ಆ ಹೆಣ್ಣುಮಗಳನ್ನು, "ಅತ್ತೆ, ನೀವೇಕೆ ಬಿಸಿನೀರು ಮುಟ್ಟುವುದಿಲ್ಲ?" ಎಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ಕೇಳಿದ್ದರೆ ಆಕೆ ಹೇಳುತ್ತಿದ್ದರು. ಬಚ್ಚಲುಮನೆಯನ್ನು ಕೆಡವುವ ಅಗತ್ಯವೂ ಬೀಳುತ್ತಿರಲಿಲ್ಲ.

ಈ ಕಾಯಿಲೆಗೆ ವೈದ್ಯಶಾಸ್ತ್ರದಲ್ಲಿ ಬಿಸಿನೀರಿನ ಅಪಸ್ಮಾರವೆಂದು ಹೆಸರು. ಇದನ್ನು ಕುರಿತು ಜಗತ್ತಿನಲ್ಲಿ ಮೊದಲು ಬರೆದದ್ದು ೧೯೪೫ರಲ್ಲಿ, ದೂರದ ನ್ಯೂಜಿಲೆಂಡಿನ ವೈದ್ಯರೊಬ್ಬರು, ಒಬ್ಬ ಬಾಲಕನ ವಿಷಯವಾಗಿ. ಆದರೆ ಇದು ಅತಿ ಹೆಚ್ಚಾಗಿ ಕಂಡುಬಂದದ್ದು ನಮ್ಮ ದಕ್ಷಿಣ ಭಾರತದಲ್ಲಿ, ಅದರಲ್ಲಿಯೂ ಕನ್ನಡ ನಾಡಿನಲ್ಲಿ. ಬೆಂಗಳೂರಿನ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ೧೯೬೮ರಲ್ಲಿ ಇದನ್ನು ಕುರಿತು ಪ್ರಥಮ ವರದಿಯನ್ನು ಪ್ರಕಟಿಸಿದರು. ಕೆಲವು ವರ್ಷಗಳಲ್ಲಿ ೧೦೮ ರೋಗಿಗಳ ವಿವರವನ್ನು ಲೋಕದ ಮುಂದಿಟ್ಟರು. ೧೯೮೮ರಲ್ಲಿ ನಿಮ್ಹಾನ್ಸಿನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು ೨೭೯ ರೋಗಿಗಳನ್ನು ಕುರಿತ ಅಧ್ಯಯನವನ್ನು ಪ್ರಕಟಿಸಿದರು. ಇದೇ ಸತೀಶ್ಚಂದ್ರರು ಮುಂದೆ ಆ ಸಂಸ್ಥೆಯ ನಿರ್ದೇಶಕರೂ ಕುಲಪತಿಗಳೂ ಆದರು. ಗಂಡುಮಕ್ಕಳಲ್ಲಿ ಇದು ಹೆಚ್ಚೆಂದೂ, ಕೆಲವು ಮನೆತನಗಳಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಬರುವುದುಂಟೆಂದೂ ಇಂತಹ ಅಧ್ಯಯನಗಳಿಂದ ತಿಳಿಯಿತು. ಗೌರಿಬಿದನೂರಿನಲ್ಲಿ ನಮಗೆ ಆ ಪ್ರಶ್ನೆ ಬಂದುದರ ಕಾರಣ ಇದೇ.

ಇದು ಏಕೆ ಬರುತ್ತದೆ? ನಲವತ್ತರಿಂದ ಐವತ್ತು ಡಿಗ್ರಿ ಸೆಲ್ಸಿಯಸ್ ಶಾಖದ ನೀರನ್ನು ನಾವು ಒಂದೇ ಸಮನೆ ನೆತ್ತಿಗೆ ಸುರಿಯುತ್ತೇವೆ. ಹೆಚ್ಚಿನವರ ದೇಹ ಆ ಶಾಖವನ್ನು ತಡೆದುಕೊಳ್ಳುತ್ತದೆ. ಕೆಲವರಲ್ಲಿ ಹುಟ್ಟಿನಿಂದಲೇ ಮೆದುಳಿನ ಶಾಖನಿಯಂತ್ರಣ ಅಷ್ಟು ಚುರುಕಾಗಿರುವುದಿಲ್ಲ. ಸ್ನಾನದ ಹೊತ್ತಿನಲ್ಲಿ ಅವರ ಶಾಖ ಬೇಗನೆ ಏರಿ, ನಿಧಾನವಾಗಿ ಇಳಿಯುತ್ತದೆ. ಆಗ ಮೆದುಳಿನ ನರಕೋಶಗಳು ಅಂಕೆ ಮೀರಿ ಕೆರಳುತ್ತವೆ. ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ನಡೆಸಿ, ಬಿಸಿನೀರಿನಿಂದ ಮೆದುಳಿನ ಶಾಖ ಏರಿದಾಗ ಮೂರ್ಛೆ ಉಂಟಾಗುವುದನ್ನೂ, ಪದೇ ಪದೇ ಹಾಗಾದರೆ ಅದು ಇನ್ನೂ ಸುಲಭವಾಗಿ ಬರತೊಡಗುವುದನ್ನೂ ತೋರಿಸಿಕೊಟ್ಟರು. ಅಂದರೆ ತಾಯಿತ ಕಟ್ಟಿ ಕಾಯುತ್ತ ಕುಳಿತ ಒಂದೊಂದು ವಾರವೂ ನಮ್ಮ ಹುಡುಗನ ಕಾಯಿಲೆಯನ್ನು ಬೆಳೆಸುತ್ತಿತ್ತೇನೋ.

ಇತ್ತೀಚಿನ ವರ್ಷಗಳಲ್ಲಿ ಶೋಧನೆ ಇನ್ನೂ ಆಳಕ್ಕಿಳಿದಿದೆ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಡಾ. ಅನುರಂಜನ್ ಆನಂದ್ ಅವರೂ ನಿಮ್ಹಾನ್ಸಿನ ವೈದ್ಯರೂ ಜೊತೆಗೂಡಿ, ಈ ಕಾಯಿಲೆಯಿರುವ ಮನೆತನಗಳ ಅನುವಂಶೀಯ ಗುಣಗಳನ್ನು ಪರೀಕ್ಷಿಸಿದರು. ಕಾಯಿಲೆಗೆ ಸಂಬಂಧಪಟ್ಟ ಜಾಗಗಳನ್ನು ಕೆಲವು ವರ್ಣತಂತುಗಳ ಮೇಲೆ ೨೦೦೯ರಲ್ಲಿ ಗುರುತಿಸಿದರು. ನರಕೋಶಗಳ ನಡುವಿನ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಸಾಗಿಸುವ ಪ್ರೋಟೀನಿನ ವಂಶವಾಹಿಯಲ್ಲಿ ಕೆಲವು ರೋಗಿಗಳಿಗೆ ವಿರಳವಾದ ವ್ಯತ್ಯಾಸಗಳಿರುವುದನ್ನು ೨೦೧೭ರಲ್ಲಿ ಪ್ರಕಟಿಸಿದರು. ಗಾಳಿಯೆಂದು ನಾವು ಕರೆದದ್ದು ಕಣ್ಣಿಗೆ ಕಾಣದ ಅಣುವಿನಷ್ಟು ಸಣ್ಣ ವ್ಯತ್ಯಾಸ. ಅದು ಯಾರ ತಪ್ಪೂ ಅಲ್ಲ, ಯಾರ ಪಾಪವೂ ಅಲ್ಲ.

ಇದೇನು ಅಪರೂಪದ ಕಾಯಿಲೆಯಲ್ಲವೇ ಎಂದು ಓದುಗರು ಕೇಳಬಹುದು. ಬೆಂಗಳೂರಿನ ಸಮೀಕ್ಷೆಯಲ್ಲಿ ಲಕ್ಷಕ್ಕೆ ೬೦ ಮಂದಿಗೆ ಇದು ಕಂಡಿತು. ಆದರೆ ಡಾ. ಮಣಿಯವರು ಯಳಂದೂರಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಕೇಳಿಸಿದಾಗ ಅಲ್ಲಿ ಲಕ್ಷಕ್ಕೆ ೨೫೫ ಮಂದಿ ಸಿಕ್ಕಿದರು. ಅದೇ ಯಳಂದೂರಿನಲ್ಲಿ ಅವರು, ಫಿನೋಬಾರ್ಬಿಟಾಲ್, ಫೆನಿಟೊಯಿನ್ ಎಂಬ ಅಗ್ಗದ ಮಾತ್ರೆಗಳಿಂದಲೇ ಹಳ್ಳಿಗರ ಮೂರ್ಛೆರೋಗವನ್ನು ಹತೋಟಿಗೆ ತರಬಹುದೆಂದು ತೋರಿಸಿದರು. ಆ ಅಧ್ಯಯನವು ೨೦೦೧ರಲ್ಲಿ ಲಂಡನ್ನಿನ ಪ್ರಸಿದ್ಧ ವೈದ್ಯಕೀಯ ಪತ್ರಿಕೆ 'ಲ್ಯಾನ್ಸೆಟ್'ನಲ್ಲಿ ಅಚ್ಚಾಯಿತು.

ಗೌರಿಬಿದನೂರಿನಿಂದ ನಮ್ಮನ್ನು ಬೆಂಗಳೂರಿಗೆ ಕಳುಹಿಸಿದರು. ನಿಮ್ಹಾನ್ಸಿನ ಹಿನ್ನೆಲೆಯನ್ನು ನಾವು ಆಗಲೇ ತಿಳಿದದ್ದು. ಹಿಂದಿನ ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆಯೂ, ೧೯೫೪ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ೧೯೭೪ರ ಡಿಸೆಂಬರ್ ೨೭ರಂದು ಒಂದುಗೂಡಿ ಈ ಸಂಸ್ಥೆಯಾಯಿತು. ೧೯೯೪ರಲ್ಲಿ ಅದಕ್ಕೆ ವಿಶ್ವವಿದ್ಯಾಲಯಕ್ಕೆ ಸಮಾನವಾದ ಮಾನ್ಯತೆ ದೊರೆಯಿತು. ೨೦೧೨ರ ಕಾಯಿದೆಯಿಂದ ರಾಷ್ಟ್ರೀಯ ಪ್ರಾಮುಖ್ಯದ ಸಂಸ್ಥೆಯೆನಿಸಿತು. "ಹುಚ್ಚಾಸ್ಪತ್ರೆ" ಎಂದು ನಾವೇ ಹಿಂದೆ ನಗೆಯಾಡಿದ್ದ ಆವರಣದಲ್ಲಿ ಅಂದು ಕೈಮುಗಿದು ನಿಂತಿದ್ದೆವು.

ಹುಡುಗನ ಮೆದುಳಿನ ವಿದ್ಯುತ್ ಚಟುವಟಿಕೆಯನ್ನು ತೋರಿಸುವ ಇ.ಇ.ಜಿ. ಪರೀಕ್ಷೆಯಾಯಿತು. ಮೂರ್ಛೆಯಿಲ್ಲದ ಹೊತ್ತಿನಲ್ಲಿ ಈ ಪರೀಕ್ಷೆ ಬಹುಮಟ್ಟಿಗೆ ಸರಿಯಾಗಿಯೇ ಕಾಣುವುದರಿಂದ, ಮನೆಯವರು ಹೇಳುವ ವಿವರವೇ ವೈದ್ಯರಿಗೆ ದೊಡ್ಡ ಆಧಾರವೆಂದು ತಿಳಿಸಿದರು. ಚಿಕಿತ್ಸೆ ಏನೆಂದು ಕೇಳಿದರೆ ನಗು ಬರುತ್ತದೆ: ತಲೆಗೆ ಉಗುರುಬೆಚ್ಚಗಿನ ನೀರು, ಅದೂ ನಿಧಾನವಾಗಿ. ಅದರೊಡನೆ ಕೆಲವು ವರ್ಷ ಮಾತ್ರೆ. ನೀರಿನ ಶಾಖ ಇಳಿಸಿದರೂ ನಿಲ್ಲದ ಕೆಲವರಿಗೆ ಸ್ನಾನಕ್ಕೆ ಒಂದೂವರೆ ಗಂಟೆ ಮುಂಚೆ ಕ್ಲೋಬಜಾಮ್ ಎಂಬ ಮಾತ್ರೆ ಕೊಡುವ ಕ್ರಮವನ್ನೂ ಅಲ್ಲಿಯ ವೈದ್ಯರು ರೂಢಿಗೆ ತಂದಿದ್ದಾರೆ. ಇನ್ನು ಕೆಲವರಿಗೆ ಕಾಲಕ್ರಮದಲ್ಲಿ ಸ್ನಾನವಿಲ್ಲದಾಗಲೂ ಮೂರ್ಛೆ ಬರಬಹುದಾದ್ದರಿಂದ ಅವರಿಗೆ ದಿನವೂ ಔಷಧ ಬೇಕು. ಇದನ್ನೆಲ್ಲ ವೈದ್ಯರೇ ನಿರ್ಧರಿಸತಕ್ಕದ್ದು. ನಮ್ಮ ಹುಡುಗನಿಗೆ ಅಂದಿನಿಂದ ಮೂರ್ಛೆ ಬರಲಿಲ್ಲ. ನಮ್ಮ ತಾಯಿ ಮೊಣಕೈ ಅದ್ದಿ ನೋಡದೆ ಅವನ ತಲೆಗೆ ಒಂದು ಚೊಂಬು ನೀರನ್ನೂ ಹೊಯ್ಯಲಿಲ್ಲ.

ಕಾಯಿಲೆ ಹೋಯಿತು, ಗುಟ್ಟು ಉಳಿದಿತ್ತು. ೨೦೧೧ರಲ್ಲಿ ಅವನಿಗೆ ಹೆಣ್ಣು ನೋಡತೊಡಗಿದಾಗ ತಮ್ಮ ನಮ್ಮೊಡನೆ ಮೆಲ್ಲಗೆ ಹೇಳಿದ: "ಅಣ್ಣಾ, ಈಗ ಏನೂ ಇಲ್ಲವಲ್ಲ, ಹೇಳುವುದೇಕೆ? ಹೇಳಿದರೆ ಹೆಣ್ಣು ಕೊಡುವವರಾರು?" ಅವನ ಮಾತಿನಲ್ಲಿ ತಪ್ಪೇನಿದೆ? ಇಪ್ಪತ್ತು ವರ್ಷಗಳ ಹಿಂದೆ ನಾವೇ ಕಲಿಸಿದ ಪಾಠವಲ್ಲವೇ ಅದು! ನಮ್ಮ ಕಾಯಿದೆಯೂ ಬಹುಕಾಲ ಇದೇ ಭಯವನ್ನು ಬೆಳೆಸಿತ್ತು. ಪದೇ ಪದೇ ಅಪಸ್ಮಾರಕ್ಕೆ ಒಳಗಾದವರ ವಿವಾಹವನ್ನು ರದ್ದುಪಡಿಸಲು ಹಿಂದೂ ವಿವಾಹ ಕಾಯಿದೆಯಲ್ಲಿ ೧೯೭೬ರ ತಿದ್ದುಪಡಿಯಿಂದ ಅವಕಾಶವಿತ್ತು. ಆ ಮಾತನ್ನು ಕಾಯಿದೆಯಿಂದ ತೆಗೆದುಹಾಕಿದ್ದು ೧೯೯೯ರಲ್ಲಿ. ಕಾಯಿದೆಯೇನೋ ತೆಗೆದುಹಾಕಿತು, ಜನರ ಮನಸ್ಸಿನಿಂದ ತೆಗೆಯುವವರು ಯಾರು?

ನಮಗೆ ಹಿತ್ತಲಕೋಣೆಯ ನೆನಪಾಯಿತು. "ಮುಚ್ಚಿಟ್ಟು ಕೊಟ್ಟಿರಿ" ಎಂದು ಅತ್ತೆಯನ್ನು ಗಾಡಿಯಲ್ಲಿ ತಂದಿಳಿಸಿದವರು ನಿಷ್ಕರುಣಿಗಳು, ನಿಜ. ಆದರೆ ನಮ್ಮ ಹಿರಿಯರು ಮುಚ್ಚಿಟ್ಟಿದ್ದುದೂ ನಿಜವಿರಬಹುದಲ್ಲವೇ? ತಮ್ಮನಿಗೆ ಹೇಳಿದೆವು: "ಹೇಳೋಣ. ಬಂದ ಸಂಬಂಧ ತಪ್ಪಿದರೆ ತಪ್ಪಲಿ." ಮೊದಲ ಸಂಬಂಧ ತಪ್ಪಿತು. ತಮ್ಮನ ಹೆಂಡತಿ ಎರಡು ದಿನ ನಮ್ಮೊಡನೆ ಮಾತನಾಡಲಿಲ್ಲ. ಎರಡನೆಯದು ಚಿಂತಾಮಣಿಯ ಕಡೆಯವರು. ಕಾಗದಪತ್ರಗಳನ್ನೆಲ್ಲ ಹಿಡಿದುಕೊಂಡು ಹೋಗಿ, ವೈದ್ಯರು ಹೇಳಿದ್ದನ್ನೆಲ್ಲ ಪಾಠ ಒಪ್ಪಿಸುವಂತೆ ಒಪ್ಪಿಸಿದೆವು. ಸಭೆ ಮೌನವಾಯಿತು. ಮೂಲೆಯಲ್ಲಿ ಕುಳಿತಿದ್ದ ಹುಡುಗಿಯ ಅಜ್ಜಿ ಕೇಳಿದರು: "ತಲೆಗೆ ಸುಡುನೀರು ಹುಯ್ಯಬಾರದು. ಅಷ್ಟೇ ತಾನೇ?"

"ಅಷ್ಟೇ ಅಮ್ಮ."

"ಅದಕ್ಕೇನಂತೆ! ಸೌದೆ ಉಳಿಯುತ್ತದೆ" ಎಂದರು ಆ ಅಜ್ಜಿ. ಎಲ್ಲರೂ ನಕ್ಕರು. ೨೦೧೨ರಲ್ಲಿ ಮದುವೆಯಾಯಿತು. ಇಂದು ಅವರಿಗೆ ಇಬ್ಬರು ಮಕ್ಕಳು.

ಬಂಧುಗಳೇ, ನಿಮ್ಮ ಮನೆಯಲ್ಲಿಯೂ ತಲೆಸ್ನಾನದ ಹೊತ್ತಿನಲ್ಲಿ ಮಗು ದಿಟ್ಟಿಸಿ ನೋಡುತ್ತ ನಿಂತರೆ, ಸಂಬಂಧವಿಲ್ಲದ ಮಾತಾಡಿದರೆ, ಸೆಟೆದು ಬಿದ್ದರೆ, ನೀರು ಹೊಯ್ಯುವುದನ್ನು ತಕ್ಷಣ ನಿಲ್ಲಿಸಿ. ಬೆಂಕಿಯಿಂದಲೂ ನೀರಿನಿಂದಲೂ ದೂರಕ್ಕೆ ಸರಿಸಿ, ಒಂದು ಮಗ್ಗುಲಾಗಿ ಮಲಗಿಸಿ. ಬಾಯಿಗೆ ಏನನ್ನೂ ತುರುಕಬೇಡಿ; ಕೈಕಾಲುಗಳನ್ನು ಅದುಮಿ ಹಿಡಿಯಬೇಡಿ; ಬೀಗದಕೈ ಹುಡುಕುತ್ತ ಹೊತ್ತು ಕಳೆಯಬೇಡಿ. ಐದು ನಿಮಿಷವಾದರೂ ನಿಲ್ಲದಿದ್ದರೆ ಆಸ್ಪತ್ರೆಗೆ ಒಯ್ಯಿರಿ. ಆಮೇಲೆ ನರರೋಗ ವೈದ್ಯರ ಬಳಿ ಹೋಗಿ ಕಂಡದ್ದನ್ನು ಕಂಡಂತೆ ಹೇಳಿ. ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂದು ಅವರು ಕೇಳಿದಾಗ, ನಾವು ಹೇಳಿದಂತೆ ಸುಳ್ಳು ಹೇಳಬೇಡಿ.

ಆ ಸಂಸ್ಥೆಯ ಸಾಧನೆಯನ್ನು ಯಾರಾದರೂ ಹೊಗಳಿದಾಗ ಜನ ದೊಡ್ಡ ಯಂತ್ರಗಳನ್ನೂ ಕಟ್ಟಡಗಳನ್ನೂ ನೆನೆಯುತ್ತಾರೆ. ನಾವು ನೆನೆಯುವುದು ಆ ಯುವ ವೈದ್ಯರ ಪ್ರಶ್ನೆಗಳನ್ನು: ಚೊಂಬು ಎಷ್ಟು ದೊಡ್ಡದು, ತಡೆದು ಹೊಯ್ಯುತ್ತೀರೋ, ಒಂದೇ ಸಮನೆ ಹೊಯ್ಯುತ್ತೀರೋ? ನಮ್ಮ ಹೆಂಗಸರು ಬಚ್ಚಲಿನಲ್ಲಿ ಮಾಡುವ ಕೆಲಸವನ್ನು ವಿದ್ವಾಂಸರು ಅಷ್ಟು ಗೌರವದಿಂದ ಕೇಳಿದ್ದರಿಂದಲೇ ಈ ವಿದ್ಯೆ ಹುಟ್ಟಿತು. ಸಾವಿರಾರು ಮನೆಗಳವರು ನಾಚದೆ ಉತ್ತರ ಕೊಟ್ಟದ್ದರಿಂದ ಅದು ಬೆಳೆಯಿತು.

ಈಗ ಊರಿನ ಮನೆಯಲ್ಲಿ ಹಂಡೆಯ ಒಲೆಯಿಲ್ಲ, ಸೋಲಾರ್ ಬಂದಿದೆ. ನಲ್ಲಿಯ ಪಕ್ಕದಲ್ಲಿ ತಣ್ಣೀರಿನ ಬಕೆಟ್ಟೊಂದು ಯಾವಾಗಲೂ ತುಂಬಿರುತ್ತದೆ. ಚಿಂತಾಮಣಿಯ ಸೊಸೆ ಗಂಡನಿಗೂ ಮಕ್ಕಳಿಗೂ ನೀರು ಬೆರೆಸುವಾಗ ಮೊಣಕೈ ಅದ್ದಿ ನೋಡುತ್ತಾಳೆ. ಹಿತ್ತಲಕೋಣೆಯ ಗೋಡೆಗೆ ಸೋದರತ್ತೆಯ ಭಾವಚಿತ್ರ ಹಾಕಿಸಬೇಕೆಂದಿದ್ದೆವು. ಆಕೆಯ ಒಂದು ಚಿತ್ರವೂ ನಮ್ಮ ಮನೆಯಲ್ಲಿ ಇಲ್ಲ. ಆಕೆಯನ್ನು ಯಾರೂ ಮುಂದೆ ನಿಲ್ಲಿಸಿ ಚಿತ್ರ ತೆಗೆಸಿರಲಿಲ್ಲ. ಆದುದರಿಂದ ಈ ನಾಲ್ಕು ಪುಟಗಳನ್ನು ಆಕೆಯ ಹೆಸರಿನಲ್ಲಿ ಬರೆದಿದ್ದೇವೆ.